ವೃತ್ತದ ಹೊರಗೆ ಬೀಳುವ ಉಪಾಯ

ಒದ್ದೆ ಬೆಡ್‌ಶೀಟಿನ ಒಂದು ಮೂಲೆಗೆ ಕ್ಲಿಪ್ಪು ಸಿಕ್ಕಿಸಿ ಇನ್ನೊಂದು ಮೂಲೆಯನ್ನು ಹಗ್ಗದ ಮೇಲೆ ಎಳೆಯುತ್ತಿರುವಾಗಲೇ ತಾರಸಿಯ ಮೇಲೆ ಗಾಳಿ ಎದ್ದಿತು. ಬೆಡ್‌ಶೀಟು ಉಬ್ಬಿ, ಮೈತುಂಬಿಕೊಂಡು, ಬಾ ಹೋಗೋಣ ಎನ್ನುವ ಹಾಗೆ ಗುಮಾಸ್ತನನ್ನು ಎಳೆಯಿತು. ಅವನು ಯೋಚಿಸಲಿಲ್ಲ. ಎರಡೂ ಪಾದ ಜೋಡಿಸಿ, ಮೊಣಕಾಲು ಚೂರು ಬಗ್ಗಿಸಿ, ಬಟ್ಟೆ ಹಿಡಿದ ಕೈಗಳನ್ನು ಎದೆಯಿಂದ ಸೊಂಟಕ್ಕೆ ಒಂದೇ ಸಮ ಎಳೆದ. ಕ್ಲಿಪ್ಪುಗಳು ಪಟಪಟನೆ ಹಾರಿದವು. ಬೆಡ್‌ಶೀಟು ಅವನ ತಲೆಯ ಮೇಲೇ ಕುಸಿದು ಬಿತ್ತು.

“ಆಹಾ, ಮನೇಲೂ ಅಭ್ಯಾಸ ನಡೀತಿದೆ!” ಎಂದು ಬಟ್ಟೆಯ ಆಚೆಯಿಂದ ಒಂದು ದನಿ ಬಂತು. “ಇವತ್ತು ಎಷ್ಟು ಹೊತ್ತಿಗೆ ಬೀಳೋದು ಗುಮಾಸ್ತರೇ?”

ಮೇಲಿನ ಮನೆಯ ಕಾಂಪೌಂಡರು. ಆಸ್ಪತ್ರೆಯಲ್ಲಿ ಆಯುಷ್ಯವೆಲ್ಲ ಮುರಿದ ಕೈಕಾಲಿಗೆ ಪಟ್ಟಿ ಕಟ್ಟಿ ನಿವೃತ್ತರಾದವರು. ಈಗ ಕಟ್ಟಲು ಏನೂ ಸಿಗದೆ, ಬೀದಿಯಲ್ಲಿ ಯಾರಾದರೂ ಕುಂಟಿದರೆ ಸಾಕು, ಮದುವೆಗೆ ಕರೆದವರ ಹಾಗೆ ಓಡಿಬರುತ್ತಿದ್ದರು.

“ಬೀಳೋದಲ್ಲ ಸಾರ್, ಇಳಿಯೋದು,” ಎಂದ ಗುಮಾಸ್ತ, ಬೆಡ್‌ಶೀಟಿನ ಒಳಗಿಂದಲೇ.

“ಹೋದ ಎರಡು ಸಲ ಕಣ್ಣಾರೆ ನೋಡಿದ್ದೀನಲ್ಲಪ್ಪ. ಅದಕ್ಕೆ ಇಳಿಯೋದು ಅಂತಾರಾ? ಇರಲಿ ಬಿಡಿ. ಈ ಸಲ ಹಲಗೆ, ಹತ್ತಿ, ಪಟ್ಟಿ ಎಲ್ಲಾನೂ ಚೀಲಕ್ಕೆ ಹಾಕ್ಕೊಂಡಿದ್ದೀನಿ. ನೀವು ಒಂದು ಚೂರೂ ಚಿಂತೆ ಮಾಡಬೇಡಿ.”

ಈ ಫಜೀತಿಗೆಲ್ಲ ಕಾರಣ ಒಂದೇ ಒಂದು ಮಾತು. ಗುಮಾಸ್ತನ ಕೆಲಸ ಲಿಫ್ಟ್ ರಿಪೇರಿ ಮಾಡುವ ಕಂಪನಿಯಲ್ಲಿ. ಮಹಡಿಗಳ ನಡುವೆ ಸಿಕ್ಕಿಕೊಂಡವರು ಫೋನು ಮಾಡಿದರೆ “ಗಾಬರಿ ಆಗಬೇಡಿ, ಜನ ಬರ್ತಿದ್ದಾರೆ” ಎಂದು ಸಮಾಧಾನ ಹೇಳುವ ಕುರ್ಚಿ ಅವನದು. ಅವನಿಗೆ ಮೊದಲಿಂದಲೂ ಎತ್ತರವೆಂದರೆ ಆಗದು. ನೆಲಮಹಡಿಯಲ್ಲಿ ಕೂರುವ ಕೆಲಸ ಎಂದು ಖಾತ್ರಿ ಮಾಡಿಕೊಂಡ ಮೇಲೇ ಆ ಕಂಪನಿಗೆ ಸೇರಿದ್ದ. ಅಂಥವನು ಒಂದು ದಿನ ಮಾವನ ಮನೆಯ ಊಟದಲ್ಲಿ, ಹೆಂಡತಿಯ ತಮ್ಮ ತಾನು ವಿಮಾನದಿಂದ ಜಿಗಿದ ಕತೆಯನ್ನು ಮತ್ತೆ ಮೊದಲಿಂದ ಬಡಿಸಲು ಶುರುಮಾಡಿದಾಗ, ಬೇಸತ್ತು ಅಂದುಬಿಟ್ಟಿದ್ದ: “ಅದೇನು ಮಹಾ! ಕೈಬಿಟ್ಟರೆ ಕಲ್ಲೂ ಕೆಳಗೆ ಬರುತ್ತೆ.”

ಎಲ್ಲರ ಕೈಯೂ ತಟ್ಟೆಯಲ್ಲೇ ನಿಂತಿತು. ಭಾವಮೈದುನ ನಕ್ಕ. “ಹಾಗಾದ್ರೆ ನೀವೂ ಒಂದು ಸಲ ಕಲ್ಲಾಗಿ ಭಾವ. ನಾಳೇನೇ ಹೆಸರು ಬರೆಸ್ತೀನಿ.”

ಬೇಡ ಎನ್ನುತ್ತಾಳೆಂಬ ಧೈರ್ಯದ ಮೇಲೆ ಗುಮಾಸ್ತ ಹೆಂಡತಿಯ ಮುಖ ನೋಡಿದ. ಅಲ್ಲಿ ಮದುವೆಯಾದಂದಿನಿಂದ ಅವನು ಕಾಣದಿದ್ದ ಒಂದು ಬೆಳಕಿತ್ತು. “ರೀ, ನಿಜವಾಗ್ಲೂ ಹೋಗ್ತೀರಾ?” ಎಂದಳು. ಅವನು ಇಲ್ಲ ಅನ್ನಲಿಲ್ಲ. ಅನ್ನಲು ಬಾಯಿ ತೆರೆದಿದ್ದ, ಅಷ್ಟರಲ್ಲಿ ಅತ್ತೆ ಅದನ್ನು ಹಸಿವೆಂದುಕೊಂಡು ಇನ್ನೊಂದು ಸೌಟು ಬಡಿಸಿದರು.

ಹೀಗೆ ಶುರುವಾದದ್ದು ವಾರದಿಂದ ವಾರಕ್ಕೆ ಬೆಳೆಯಿತು. ನೆಲದ ಪಾಠ ಮುಗಿಯಿತು, ಟೀಚರನ್ನು ಬೆನ್ನಿಗೆ ಕಟ್ಟಿಕೊಂಡು ಜಿಗಿದದ್ದಾಯಿತು, ಒಬ್ಬನೇ ಜಿಗಿದದ್ದೂ ಆಯಿತು. ಒಂದೊಂದು ಸಲವೂ ಅವನು ಇದೇ ಕೊನೆ ಎಂದುಕೊಂಡ. ಒಂದೊಂದು ಸಲವೂ ಮನೆಗೆ ಬಂದರೆ ಹೆಂಡತಿ ಅಕ್ಕಪಕ್ಕದವರನ್ನು ಕೂಡಿಸಿಕೊಂಡು ಕಾಯುತ್ತಿದ್ದಳು. ನಲ್ಲಿ ನೀರಿನ ಜಗಳದಲ್ಲಿ ಕೂಡ ಅವಳು “ನಮ್ಮನೆಯವರು ಆಕಾಶದಿಂದ ಜಿಗಿದವರು, ನಿಮ್ಮ ಬಕೆಟ್ಟಿಗೆ ಹೆದರ್ತೀವಾ?” ಎನ್ನುವ ಹಂತಕ್ಕೆ ಬಂದಿದ್ದಳು. ಇಷ್ಟು ಎತ್ತರಕ್ಕೆ ಹತ್ತಿಸಿದವಳ ಮುಂದೆ, ನನಗೆ ಭಯ, ನಾನು ಬಿಟ್ಟೆ ಎಂದು ಹೇಳುವುದು ವಿಮಾನದಿಂದ ಜಿಗಿಯುವುದಕ್ಕಿಂತ ಕಷ್ಟವಾಗಿತ್ತು.

ಆದರೆ ಮರ್ಯಾದೆಯಿಂದ ಹೊರಬರುವ ಬಾಗಿಲು ಒಂದಿತ್ತು. ಜಿಗಿತ ಕಲಿಸುವ ಶಾಲೆಯ ಮೈದಾನದ ನಡುವೆ ಸುಣ್ಣದಲ್ಲಿ ಬರೆದ ಒಂದು ದೊಡ್ಡ ವೃತ್ತ. ಪರೀಕ್ಷೆಯ ದಿನ ಯಾರ ಸಹಾಯವೂ ಇಲ್ಲದೆ ಅದರೊಳಗೆ, ಮೈಕೈ ನೆಟ್ಟಗಿಟ್ಟುಕೊಂಡು ಇಳಿಯಬೇಕು. ಮೂರು ಸಲ ಅವಕಾಶ. ಮೂರನೆಯ ಸಲವೂ ಗೆರೆಯ ಹೊರಗೆ ಬಿದ್ದವನ ಕೈಕುಲುಕಿ, “ಇದು ನಿನಗಲ್ಲಪ್ಪಾ, ಸುಖವಾಗಿರು” ಎಂದು ಮನೆಗೆ ಕಳಿಸುವುದು ಅಲ್ಲಿಯ ಮುಖ್ಯ ಟೀಚರಮ್ಮನ ನಿಯಮ. ಗುಮಾಸ್ತ ಎರಡು ಸಲ ಹೊರಗೆ ಬಿದ್ದಿದ್ದ. ಎರಡು ಸಲವೂ ಬೇಕೆಂದು ಅಲ್ಲ. ನೆಲ ನೋಡಿ ಹೆದರಿ ಬೇಗನೇ ತಿರುಗಿ, ವೃತ್ತವನ್ನು ದಾಟಿ ಅದರಾಚೆಯ ಮೆತ್ತನೆಯ ಹುಲ್ಲಿನ ಮೇಲೆ ಹೋಗಿ ಬಿದ್ದಿದ್ದ. ಇವತ್ತು ಮೂರನೆಯದು. ಇವತ್ತು ಅವನು ಬೇಕೆಂದೇ ಅಲ್ಲಿ ಬೀಳಬೇಕು. ಮೂಳೆ ಮುರಿಯದ ಹಾಗೆ ಬೀಳಬೇಕು. ಬಿದ್ದರೆ, ಟೀಚರಮ್ಮನೇ ಬೇಡ ಅಂದರು ಎಂದು ತಲೆಯೆತ್ತಿಕೊಂಡೇ ಮನೆಗೆ ಬರಬಹುದು. ಬೀಳದಿದ್ದರೆ ಕೈಗೆ ಪರವಾನಗಿ ಬರುತ್ತದೆ. ಪರವಾನಗಿ ಬಂದವನನ್ನು ಹೆಂಡತಿ ಬಿಟ್ಟರೂ ಭಾವಮೈದುನ ಬಿಡುವುದಿಲ್ಲ.

“ರೀ, ಹೊರಡಿ!” ಎಂದು ಕೆಳಗಿಂದ ಹೆಂಡತಿ ಕೂಗಿದಳು. “ಎದುರುಮನೆಯವರು ಆಗಲೇ ಚಾಪೆ ಹಿಡಿದು ನಿಂತಿದ್ದಾರೆ!”

* * *

ಮೈದಾನಕ್ಕೆ ಕಾಲಿಟ್ಟ ಕೂಡಲೇ ಗುಮಾಸ್ತನ ಕಣ್ಣು ಹೋದದ್ದು ಕಂಬದ ತುದಿಯ ಗಾಳಿಚೀಲದ ಮೇಲೆ. ಎಂದಿನ ಹಾಗೆ. ಅದು ಅಡ್ಡಡ್ಡ ನೆಟ್ಟಗೆ ನಿಂತರೆ ಗಾಳಿ ಜೋರು, ಹೊಸಬರು ಜಿಗಿಯುವಂತಿಲ್ಲ. ಅದು ನಿಲ್ಲಲಿ ಎಂದು ಅವನು ವಾರವಾರವೂ ಅದನ್ನೇ ನೋಡುತ್ತ ನಿಲ್ಲುತ್ತಿದ್ದ. ಇವತ್ತು ಅದು ಊಟ ಮಾಡಿ ಮಲಗಿದ ಬೆಕ್ಕಿನ ಬಾಲದ ಹಾಗೆ ಸೋಮಾರಿಯಾಗಿ ಅಲ್ಲಾಡುತ್ತಿತ್ತು.

“ಭಾವ!” ಭಾವಮೈದುನ ಓಡಿಬಂದ. ಮೈದಾನದಲ್ಲಿ ಅವನನ್ನು ಗಿಡುಗ ಎಂದು ಕರೆಯುತ್ತಿದ್ದರು. ಗುಮಾಸ್ತನನ್ನು ನಿಧಾನಪ್ಪ ಎಂದು. ಗಿಡುಗನ ತೋಳಿನಲ್ಲಿ ಬೆನ್ನಿಗೆ ಹಾಕುವ ಒಂದು ಪುಟ್ಟ ಚೀಲ, ಕೆಂಪು ಬಣ್ಣದ್ದು. “ಇವತ್ತು ಆ ನಿಮ್ಮ ಚಪ್ಪರ ಬಿಡಿ. ಇದನ್ನ ತಗೊಳ್ಳಿ. ನನ್ನ ಹಳೇದು. ಬೆಣ್ಣೇಲಿ ಚಾಕು ಹೋದ ಹಾಗೆ ಹೋಗುತ್ತೆ.”

ಚಪ್ಪರವೆಂದರೆ ಕಲಿಯುವವರಿಗೆ ಕೊಡುವ ಅತಿ ದೊಡ್ಡ ಪ್ಯಾರಾಚೂಟು. ಜೊತೆಯವರೆಲ್ಲ ಒಂದೊಂದು ಅಳತೆ ಚಿಕ್ಕದಕ್ಕೆ ಇಳಿದಿದ್ದರೂ ಗುಮಾಸ್ತ ಅದನ್ನು ಬಿಟ್ಟಿರಲಿಲ್ಲ. “ಅದರ ನೆರಳಲ್ಲಿ ನಾಲ್ಕು ಜನ ಕೂತು ಊಟ ಮಾಡಬಹುದು” ಎಂದು ಎಲ್ಲರೂ ನಗುತ್ತಿದ್ದರು.

“ಇದು ಕರವಸ್ತ್ರ ಇದ್ದ ಹಾಗಿದೆಯಲ್ಲೋ,” ಎಂದ ಗುಮಾಸ್ತ, ಚೀಲವನ್ನು ಮುಟ್ಟದೆ.

“ಅದಕ್ಕೇ ಭಾವ! ಚಪ್ಪರ ಗಾಳೀಲಿ ತೇಲ್ತಾ ಎಲ್ಲೆಲ್ಲೋ ಹೋಗುತ್ತೆ. ಎರಡು ಸಲ ವೃತ್ತ ದಾಟಿದ್ದು ಯಾಕೆ ಅಂದ್ಕೊಂಡ್ರಿ? ಇದಾದ್ರೆ ಎಲ್ಲಿ ಬೇಕೋ ಅಲ್ಲಿ ಇಳಿಸಬಹುದು. ನನ್ನ ಮಾನ ಉಳಿಸಿ. ಎಲ್ಲರೂ, ನಿನ್ನ ಭಾವ ಇನ್ನೂ ಪಾಸಾಗಿಲ್ವಾ ಅಂತ ಕೇಳ್ತಾರೆ.”

ಗುಮಾಸ್ತ ಒಂದು ಹೆಜ್ಜೆ ಹಿಂದೆ ಸರಿದ. ಫೇಲಾಗುವುದು ಅವನಿಗೆ ಬೇಕಿತ್ತು, ಮುರಿಯುವುದು ಬೇಕಿರಲಿಲ್ಲ. ಗಿಡುಗ ಆಗಲೇ ಅವನ ಭುಜಕ್ಕೆ ಪಟ್ಟಿ ಏರಿಸುತ್ತಿದ್ದ. ಹೆಂಡತಿ ದೂರದಿಂದ, “ಕೆಂಪು ಒಪ್ಪುತ್ತೆ ರೀ!” ಎಂದಳು. ಅವನು ಅರ್ಧ ಏರಿದ ಚೀಲವನ್ನು ಹೊತ್ತುಕೊಂಡೇ ಟೀಚರಮ್ಮ ಕೂತಿದ್ದ ಶೆಡ್ಡಿಗೆ ದಾಪುಗಾಲು ಹಾಕಿದ.

ಟೀಚರಮ್ಮನಿಗೆ ವಯಸ್ಸಾಗಿತ್ತು. ಎದ್ದರೆ ಮೊಣಕಾಲು ಕಿರ್ರೆನ್ನುತ್ತಿತ್ತು, ಕೂತರೆ ಕುರ್ಚಿ. ಹರಿದ ಪ್ಯಾರಾಚೂಟಿಗೆ ಹೊಲಿಗೆ ಹಾಕುವ ಯಂತ್ರದ ಪಕ್ಕದಲ್ಲಿ ಒಂದು ತೂಕದ ಯಂತ್ರ ಇಟ್ಟುಕೊಂಡು, ಜಿಗಿಯುವವರನ್ನೆಲ್ಲ ಅಕ್ಕಿ ಮೂಟೆಯ ಹಾಗೆ ಅದರ ಮೇಲೆ ನಿಲ್ಲಿಸುತ್ತಿದ್ದರು.

“ಟೀಚರಮ್ಮಾ, ನಾನು ಇಷ್ಟು ಭಾರ, ಇದು ಇಷ್ಟು ಬಟ್ಟೆ,” ಎಂದ ಗುಮಾಸ್ತ ಏದುಸಿರು ಬಿಡುತ್ತ. “ಆಗಲ್ಲ ಅಲ್ವಾ? ದಯವಿಟ್ಟು ಆಗಲ್ಲ ಅನ್ನಿ.”

ಟೀಚರಮ್ಮ ಕನ್ನಡಕದ ಮೇಲಿಂದ ಚೀಲ ನೋಡಿದರು, ಅವನ ಹೊಟ್ಟೆ ನೋಡಿದರು, ಬಾಗಿಲಲ್ಲಿ ನಿಂತ ಗಿಡುಗನನ್ನು ನೋಡಿದರು.

“ಯಾರ ಬುದ್ಧಿ ಇದು?”

“ಸುಮ್ನೆ ಒಂದು ಸಲ ಅಂತ, ಟೀಚರಮ್ಮ...” ಗಿಡುಗ ತಲೆ ಕೆರೆದುಕೊಂಡ.

“ಒಂದು ಸಲಾನೇ ಸಾಕಲ್ಲಪ್ಪಾ ಕಾಲು ಮುರಿಯೋಕೆ. ಎರಡು ಸಲ ಯಾಕೆ ಬೇಕು? ಬಟ್ಟೆ ಚಿಕ್ಕದಾದಷ್ಟೂ ನೆಲ ಬೇಗ ಬರುತ್ತೆ. ಕೈ ಒಂದು ಚೂರು ಹೆಚ್ಚು ಎಳೆದ್ರೂ ಗಿರ್ರನೆ ತಿರುಗಿ ಕುಕ್ಕುತ್ತೆ. ನೀನು ಕಲಿತಿರೋ ಚೆಂದಕ್ಕೆ ನಿನಗೇ ಇದು ಚಿಕ್ಕದು, ಅಂಥದರಲ್ಲಿ ಇವನಿಗಾ? ಹೋಗು, ಅವನ ಚಪ್ಪರ ತಗೊಂಡು ಬಾ. ಮಡಿಸಿದ್ದು ಸರಿಯಾಗಿದೆಯಾ ನೋಡಿ ನಾನೇ ಕೊಡ್ತೀನಿ.”

ಗುಮಾಸ್ತನಿಗೆ ಹೋದ ಜೀವ ಬಂದಂತಾಯಿತು. ಬಂದ ಜೀವದ ಜೊತೆಗೇ ಆಸೆಯೂ ಬಂತು. “ಅಮ್ಮಾ, ಗಾಳಿ ಜಾಸ್ತಿ ಆಗೋ ಹಾಗಿದೆಯಾ? ಮೋಡ? ಇಳಿಯೋ ದಿಕ್ಕು ಬದಲಾಗುತ್ತಾ? ಅಕಸ್ಮಾತ್ ವೃತ್ತದ ಹೊರಗೆ ಹೋಗೋ ಹಾಗಾದ್ರೆ ಎಲ್ಲೆಲ್ಲಿ ಬೀಳಬಹುದು, ಎಲ್ಲೆಲ್ಲಿ ಬೀಳಬಾರದು?”

“ಎಡಕ್ಕೆ ವಿಮಾನದ ಹಾದಿ, ಬೇಡ. ಬಲಕ್ಕೆ ಚರಂಡಿ, ಮುಳ್ಳುತಂತಿ, ಬೇಡವೇ ಬೇಡ. ವೃತ್ತದ ಈಚೆ ಈ ಶೆಡ್ಡು, ಗಾಡಿಗಳು. ಆಚೆ ಹುಲ್ಲಿದೆ, ಆ ಜಾಗ ನಿನಗೆ ಗೊತ್ತೇ ಇದೆ.” ಟೀಚರಮ್ಮ ಅವನನ್ನು ದಿಟ್ಟಿಸಿದರು. “ಇವತ್ತು ಪರೀಕ್ಷೆ. ನಿನ್ನ ಕಿವೀಲಿ ನಾನಿರಲ್ಲ, ರೇಡಿಯೊ ಬಾಯಿ ಮುಚ್ಚಿರುತ್ತೆ. ಎಲ್ಲ ಮರೆತರೂ ಇದೊಂದು ಮರೀಬೇಡ. ನೆಲ ಹತ್ತಿರ ಬಂದ ಮೇಲೆ ತಿರುಗಬೇಡ. ಎದುರಿಗೆ ಯಮನೇ ನಿಂತಿದ್ರೂ ಜೋರಾಗಿ ತಿರುಗಬೇಡ. ನೆಟ್ಟಗೆ ಬಾ, ಎರಡೂ ಕೈಯ ಬ್ರೇಕು ಒಟ್ಟಿಗೆ ಎಳಿ, ಉರುಳು.”

ಹುಲ್ಲಿದೆ. ಗುಮಾಸ್ತನಿಗೆ ಅಷ್ಟು ಕೇಳಿದ್ದೇ ಸಾಕಾಗಿತ್ತು.

* * *

ವಿಮಾನ ಏರುತ್ತ ಹೋದಂತೆ ಮನೆಗಳು ಬೆಂಕಿಪೊಟ್ಟಣಗಳಾದವು, ಆಮೇಲೆ ಕಡ್ಡಿಗಳಾದವು. ಬಾಗಿಲಿಲ್ಲದ ಕಡೆಯಿಂದ ನುಗ್ಗುವ ಗಾಳಿಗೆ ಗುಮಾಸ್ತನ ಕೆನ್ನೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಅವನು ಎದೆಯ ಪಟ್ಟಿ ಮುಟ್ಟಿ ನೋಡಿದ. ಕಾಲಿನ ಪಟ್ಟಿ ಮುಟ್ಟಿ ನೋಡಿದ. ಮುಖ್ಯ ಛತ್ರಿಯ ಹಿಡಿ, ಅದು ಕೈಕೊಟ್ಟರೆ ಎಳೆಯುವ ಎರಡನೆಯ ಛತ್ರಿಯ ಹಿಡಿ. ಮತ್ತೆ ಎದೆಯ ಪಟ್ಟಿ.

“ಎಷ್ಟು ಸಲ ಮುಟ್ತೀರಾ ಭಾವ, ಸವೆದು ಹೋಗುತ್ತೆ,” ಎಂದು ಗಿಡುಗ ಕಿವಿಯ ಹತ್ತಿರ ಕಿರುಚಿದ. ಅವನ ಬೆನ್ನಿಗೆ ಕೆಂಪು ಚೀಲವೂ ಅಲ್ಲ, ಅದಕ್ಕಿಂತ ಪುಟ್ಟದೊಂದು ಹೊಸ ಚೀಲವಿತ್ತು. “ಹೆದರಬೇಡಿ. ನಿಮ್ಮ ಹಿಂದೆಯೇ ನಾನೂ ಜಿಗಿದು, ನಿಮಗಿಂತ ಮೊದಲು ಇಳಿದು ದಾರಿ ತೋರಿಸ್ತೀನಿ. ನನ್ನ ಹಿಂದೆ ಬಂದ್ಬಿಡಿ, ಸೀದಾ ವೃತ್ತದೊಳಗೆ!”

“ಬೇಡಪ್ಪಾ!” ಎಂದು ಗುಮಾಸ್ತ ಹೇಳಿದ್ದು ಎಂಜಿನ್ನಿನ ಸದ್ದಿನಲ್ಲಿ ಮುಳುಗಿತು. ಅಷ್ಟರಲ್ಲಿ ದೀಪ ಹಸಿರಾಯಿತು. ಬಾಗಿಲ ಬಳಿ ನಿಂತವನಿಗೆ ಒಂದು ಕ್ಷಣ, ಲಿಫ್ಟು ಕೆಟ್ಟಿದೆ, ಮೆಟ್ಟಿಲಿಲ್ಲ, ಜನ ಬರುವುದಿಲ್ಲ ಎಂದು ತನಗೆ ತಾನೇ ಫೋನಿನಲ್ಲಿ ಹೇಳಿಕೊಂಡ ಹಾಗಾಯಿತು. ಆಮೇಲೆ ಪಾದದ ಕೆಳಗೆ ಏನೂ ಇರಲಿಲ್ಲ.

ಬೀಳುವಾಗಿನದು ಏನೂ ಅವನಿಗೆ ನೆನಪಿರುತ್ತಿರಲಿಲ್ಲ, ಇವತ್ತೂ ಇರಲಿಲ್ಲ. ಮಣಿಕಟ್ಟಿಗೆ ಕಟ್ಟಿದ, ಎತ್ತರ ತೋರಿಸುವ ಗಡಿಯಾರದ ಮುಳ್ಳು ಹಳದಿ ಗುರುತಿಗೆ ಬಂತು, ಕೈ ತಾನಾಗಿ ಹಿಡಿ ಎಳೆಯಿತು, ಯಾರೋ ಜುಟ್ಟು ಹಿಡಿದು ಎತ್ತಿದಂತೆ ಮೈ ಜಗ್ಗಿತು. ಕತ್ತೆತ್ತಿ ನೋಡಿದ. ಚಪ್ಪರ. ನಾಲ್ಕು ಮೂಲೆಯೂ ತುಂಬಿ, ಒಂದು ಹಗ್ಗವೂ ತೊಡಕದೆ, ತಾಯಿಯ ಸೆರಗಿನ ಹಾಗೆ ಹರಡಿಕೊಂಡಿತ್ತು. ಎಡಕ್ಕೆ ತಿರುಗಿಸಿ ನೋಡಿದ, ತಿರುಗಿತು. ಬಲಕ್ಕೆ, ತಿರುಗಿತು. ಬ್ರೇಕು ಎಳೆದು ಬಿಟ್ಟ, ಕೇಳಿತು. ಆಮೇಲೆ ಅವನು ಉಸಿರಾಡಿದ.

ಇನ್ನು ಉಪಾಯ. ಗಾಳಿ ಬೆನ್ನಿಗೆ ಬರುವಂತೆ ವೃತ್ತದ ಪಕ್ಕದಲ್ಲೇ ಹಾದು, ಒಂದು ಮಗ್ಗುಲು ತಿರುಗಿ, ಕೊನೆಯ ತಿರುವಿನಲ್ಲಿ ಗಾಳಿಗೆ ಎದುರಾಗಬೇಕು. ಈ ಕೊನೆಯ ತಿರುವನ್ನು ಚೂರು ಬೇಗ, ಚೂರು ಎತ್ತರದಲ್ಲಿ ತಿರುಗಿದರೆ ಮುಗಿಯಿತು. ವೃತ್ತ ಕಾಲ ಕೆಳಗೆ ಸುಮ್ಮನೆ ಹಾದುಹೋಗಿ, ಅದರಾಚೆಯ ಹುಲ್ಲು ಹಾಸಿಗೆಯ ಹಾಗೆ ಬಂದು ಸಿಗುತ್ತದೆ. ಗುಮಾಸ್ತ ಎಷ್ಟೋ ದಿನಗಳಿಂದ ಕಾಣದ ನೆಮ್ಮದಿಯಿಂದ ಹುಲ್ಲಿನ ಕಡೆ ನೋಡಿದ.

ಹುಲ್ಲಿನ ಮೇಲೆ ಜನರಿದ್ದರು.

ಅವನು ಕಣ್ಣು ಕಿರಿದು ಮಾಡಿ ನೋಡಿದ. ಚಾಪೆಗಳು. ಒಂದು ಹೂವಿನ ಛತ್ರಿ, ಅವನ ಮನೆಯದೇ. ಛತ್ರಿಯ ಕೆಳಗೆ ಅವನ ಹೆಂಡತಿಯ ನೀಲಿ ಸೀರೆ, ಪಕ್ಕದಲ್ಲಿ ಎದುರುಮನೆಯವರು, ಅವರ ಅತ್ತೆ, ಅವರ ಮಕ್ಕಳು. ಎಲ್ಲರ ನಡುವೆ ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಹಲಗೆ, ಹತ್ತಿ, ಪಟ್ಟಿಗಳನ್ನು ಅಂಗಡಿ ಇಟ್ಟ ಹಾಗೆ ಜೋಡಿಸಿಕೊಂಡು ಕಾಂಪೌಂಡರು ಆಕಾಶ ನೋಡುತ್ತ ಕೂತಿದ್ದರು. ಅವರ ಲೆಕ್ಕ ಸರಿಯಾಗಿಯೇ ಇತ್ತು. ಎರಡು ಸಲ ಮನುಷ್ಯ ಎಲ್ಲಿ ಬಿದ್ದ? ಇಲ್ಲಿ. ಹಾಗಾದರೆ ಮೂರನೆಯ ಸಲ ಎಲ್ಲಿ ಬೀಳುತ್ತಾನೆ? ಅಲ್ಲಿಗೇ ಹೋಗಿ ಕೂರುವುದು ಬಿಟ್ಟು ದೂರದಿಂದ ಓಡಿಬರುವುದು ಯಾಕೆ?

“ಏಳಿ! ಏಳ್ರೀ ಅಲ್ಲಿಂದ!” ಎಂದು ಗುಮಾಸ್ತ ಗಂಟಲು ಹರಿಯುವ ಹಾಗೆ ಕೂಗಿದ. ಕೆಳಗೆ ಅವರೆಲ್ಲ ಸಂತೋಷದಿಂದ ಕೈ ಬೀಸಿದರು.

ಎತ್ತರದ ಮುಳ್ಳು ಇಳಿಯುತ್ತಲೇ ಇತ್ತು. ಅವನು ಎಡಕ್ಕೆ ನೋಡಿದ: ವಿಮಾನದ ಹಾದಿ, ಅವನನ್ನು ಇಳಿಸಿದ ವಿಮಾನ ಆಗಲೇ ಅತ್ತ ಮೂಗು ಬಾಗಿಸಿತ್ತು. ಬಲಕ್ಕೆ: ಚರಂಡಿ, ಮುಳ್ಳುತಂತಿ. ಈಚೆ: ಶೆಡ್ಡಿನ ತಗಡು, ಗಾಡಿಗಳ ಸಾಲು. ಆಚೆ: ಹೆಂಡತಿ. ಇಡೀ ಲೋಕದಲ್ಲಿ ಖಾಲಿ ಇದ್ದ ಜಾಗ ಒಂದೇ, ಅದರ ಸುತ್ತ ಸುಣ್ಣದ ಗೆರೆ.

ಇನ್ನೂ ದಾರಿಯಿದೆ, ಅಂಚಿನಲ್ಲಿ ಇಳಿಯೋಣ ಎಂದುಕೊಂಡ. ಗೆರೆಯ ಹೊರಗೆ ಒಂದು ಕಾಲು ಬಿದ್ದರೂ ಫೇಲು ಫೇಲೇ. ಅವನು ಆತುರ ಮಾಡದೆ ಮಗ್ಗುಲು ತಿರುಗಿದ. ಕೆಳಗೆ ಎಷ್ಟು ದೂರ ಸಾಗುತ್ತಿದ್ದೇನೆ ಎಂದು ನೋಡುತ್ತ, ಕಾಯುತ್ತ, ಎತ್ತರ ಸಾಕಷ್ಟಿರುವಾಗಲೇ ಮೆತ್ತಗೆ ಕೊನೆಯ ತಿರುವು ತಿರುಗಿದ. ಗಾಳಿ ಮುಖಕ್ಕೆ ಬಂತು. ವೃತ್ತದ ಬಲ ಅಂಚು ನೇರ ಎದುರಿಗಿತ್ತು. ಕೈಗಳನ್ನು ಮೇಲೆ ಬಿಟ್ಟು, ನೆಲವನ್ನಲ್ಲ, ದೂರವನ್ನು ನೋಡುತ್ತ ಇಳಿಯತೊಡಗಿದ. ಎಲ್ಲ ಸರಿಯಾಗಿತ್ತು. ಎಲ್ಲ ಸರಿಯಾಗಿ ಫೇಲಾಗುವ ಹಾಗಿತ್ತು.

ಆಗ ತಲೆಯ ಮೇಲಿಂದ ಹಾವು ಬುಸುಗುಟ್ಟಿದ ಸದ್ದು ಬಂತು.

“ಭಾವಾ! ನನ್ನ ಹಿಂದೆ ಬನ್ನೀ!”

ಗಿಡುಗ ಎಡಗಡೆಯಿಂದ ಬಾಣದ ಹಾಗೆ ಬಂದ. ಭಾವನಿಗೆ ದಾರಿ ತೋರಿಸುವ ಉಮೇದಿನಲ್ಲಿ ಅವನು ನೆಲ ಎಲ್ಲಿದೆ ಎನ್ನುವುದನ್ನೇ ನೋಡಿರಲಿಲ್ಲ. ಗುಮಾಸ್ತನ ಮುಂದೆ, ಚೂರು ಕೆಳಗೆ, ಅಂಚಿನ ದಾರಿಗೆ ಪೂರ್ತಿ ಅಡ್ಡವಾಗಿ ಬಂದುಬಿಟ್ಟ. ಗುಮಾಸ್ತನ ಬಲಗೈಯೊಳಗಿನ ಹಿಡಿ, ಎಳಿ, ಎಳಿ, ಜೋರಾಗಿ ಎಳೆದು ತಿರುಗು ಎಂದಿತು. ಎಳೆದರೆ ವೃತ್ತದ ಹೊರಗೆ. ಎಳೆದರೆ ಬಿಡುಗಡೆ. ಎಳೆದರೆ ಚಪ್ಪರ ಒಂದು ಮಗ್ಗುಲಿಗೆ ವಾಲಿ, ತೂಗುವ ಕಲ್ಲಿನ ಹಾಗೆ ಅವನನ್ನು ಬೀಸಿ ನೆಲಕ್ಕೆ ಅಪ್ಪಳಿಸುತ್ತದೆ ಎನ್ನುವುದೂ ಅವನಿಗೆ ಗೊತ್ತಿತ್ತು. ಈಗ ಅವನು ನೆಲದಿಂದ ಮೂರು ನಾಲ್ಕು ಮಹಡಿಯಷ್ಟೇ ಮೇಲಿದ್ದ.

ಒಂದು ಕಡೆ ಬಿಡುಗಡೆ, ಒಂದು ಕಡೆ ಭಯ. ಗುಮಾಸ್ತ ಜೀವಮಾನದಲ್ಲಿ ಯಾವ ಮಾತು ಕೇಳದಿದ್ದರೂ ಭಯದ ಮಾತು ಕೇಳಿದವನು. ಎಡಗೈಯನ್ನು ಬೆರಳಿನಷ್ಟು ಕೆಳಕ್ಕೆ ತಂದ, ಅಷ್ಟೇ. ಚಪ್ಪರ ಹಸು ಕತ್ತು ಹೊರಳಿಸಿದಷ್ಟು ಎಡಕ್ಕೆ ಸರಿದು ಮತ್ತೆ ನೆಟ್ಟಗಾಯಿತು. ಗಿಡುಗ ಬಲಕ್ಕೆ ಹಾದುಹೋದ. ಅಂಚು ತಪ್ಪಿತು. ವೃತ್ತದ ನಟ್ಟನಡುವೆ ಗುರುತಿಗೆಂದು ಇಟ್ಟಿದ್ದ ಹಳದಿ ತಟ್ಟೆ ಅವನ ಬೂಟುಗಳ ನಡುವೆ ಬಂದು ಕೂತು, ನಿಧಾನವಾಗಿ ದೊಡ್ಡದಾಗತೊಡಗಿತು.

“ಅಯ್ಯೋ,” ಎಂದ ಗುಮಾಸ್ತ, ಸಣ್ಣ ದನಿಯಲ್ಲಿ.

ಪಾದ ಜೋಡಿಸಿದ. ಮೊಣಕಾಲು ಬಗ್ಗಿಸಿದ. ನೆಲ ಒಂದು ಆಳೆತ್ತರಕ್ಕೆ ಬರುವವರೆಗೆ ಕಾದು, ಎರಡೂ ಹಿಡಿಗಳನ್ನು ಒಂದೇ ಸಮ ಕೆಳಕ್ಕೆ ಎಳೆದ. ಚಪ್ಪರ ಒಂದು ಗಳಿಗೆ ನಿಂತ ಹಾಗಾಗಿ, ಅವನನ್ನು ಮಗುವಿನ ಹಾಗೆ ಕೆಳಗಿಟ್ಟಿತು. ಹೀರೋ ಹಾಗೆ ನಿಂತುಬಿಡುವ ಆಸೆ ಅವನಿಗಿರಲಿಲ್ಲ. ಪಾದ, ಮೀನಖಂಡ, ತೊಡೆ, ಬೆನ್ನು ಎಂದು ಕ್ರಮವಾಗಿ ಉರುಳಿ, ಹಳದಿ ತಟ್ಟೆಯ ಮೇಲೆ ಮಲಗಿದ.

ಅದೇ ಹೊತ್ತಿಗೆ ಬಲಗಡೆಯಿಂದ ಬಚಕ್ಕೆಂದು ಒಂದು ಸದ್ದು. ಗಿಡುಗ ಕೊನೇ ಗಳಿಗೆಯಲ್ಲಿ ವೃತ್ತದ ಕಡೆ ತಿರುಗಲು ಹೋಗಿ, ಮುಳ್ಳುತಂತಿಯಿಂದ ಕೂದಲೆಳೆಯಲ್ಲಿ ತಪ್ಪಿಸಿಕೊಂಡು, ಚರಂಡಿಯ ಕೆಸರಿನಲ್ಲಿ ಎದೆಯವರೆಗೆ ಕೂತಿದ್ದ.

ಹುಲ್ಲಿನ ಮೇಲಿದ್ದವರೆಲ್ಲ ಎದ್ದು ಓಡಿದರು. ಎಲ್ಲರಿಗಿಂತ ಮುಂದೆ ಕಾಂಪೌಂಡರು, ಕೈಯಲ್ಲಿ ಹಲಗೆ. ಗುಮಾಸ್ತನ ಬಳಿ ಒಂದು ಕ್ಷಣ ನಿಂತು, ಕಾಲನ್ನು ಎತ್ತಿ ಬಗ್ಗಿಸಿ ನೋಡಿ, “ಏನೂ ಆಗಿಲ್ಲ,” ಎಂದು ಮುಖ ಬಾಡಿಸಿಕೊಂಡರು. ಚರಂಡಿಯ ಕಡೆಯಿಂದ “ಅಮ್ಮಾ, ನನ್ನ ಕಾಲೂ!” ಎನ್ನುವ ಕೂಗು ಕೇಳಿದ್ದೇ ತಡ, ಆ ಮುಖ ಅರಳಿತು. ಮತ್ತೆ ಓಡಿದರು.

* * *

ಶೆಡ್ಡಿನಲ್ಲಿ ಬೆಂಚಿನ ಮೇಲೆ ಗಿಡುಗನನ್ನು ಮಲಗಿಸಿದ್ದರು. ಹಿಮ್ಮಡಿಯ ಮೇಲೆ ಕಾಲು ಉಳುಕಿತ್ತು, ಮುರಿದಿರಲಿಲ್ಲ. ಆದರೂ ಕಾಂಪೌಂಡರು ತೊಡೆಯವರೆಗೆ ಪಟ್ಟಿ ಸುತ್ತುತ್ತಲೇ ಇದ್ದರು.

ಗುಮಾಸ್ತ ಟೀಚರಮ್ಮನ ಎದುರಿಗೆ ಹೋಗಿ ನಿಂತ. ಅವನಿಗೆ ಇನ್ನೂ ಒಂದು ಆಸೆಯಿತ್ತು.

“ಅಮ್ಮಾ, ನಾನು ನಿಲ್ಲಲಿಲ್ಲ, ಉರುಳಿದೆ. ಅದು ಇಳಿದದ್ದು ಅಂತ ಲೆಕ್ಕ ಅಲ್ಲ, ಅಲ್ವಾ?”

“ಉರುಳೋದನ್ನೇ ಅಲ್ವೇನಪ್ಪಾ ನಾನು ಬಾಯಿ ನೋಯೋವರೆಗೆ ಹೇಳಿಕೊಡೋದು? ಎಲ್ಲರಿಗೂ ನಿಂತು ತೋರಿಸೋ ಚಟ. ಇವತ್ತು ಒಬ್ಬ ಉರುಳಿದ. ಪಾಸು!”

ಹೆಂಡತಿ ಹಿಂದಿನಿಂದ ಚಪ್ಪಾಳೆ ತಟ್ಟಿದಳು. ಗುಮಾಸ್ತನಿಗೆ ಅಳು ಬಂತು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎನಿಸಿ ಅವನು ಎದುರಿನ ಸ್ಟೂಲಿನ ಮೇಲೆ ಕುಸಿದ.

“ಸತ್ಯ ಹೇಳಿಬಿಡ್ತೀನಿ ಅಮ್ಮಾ. ಇವತ್ತು ನಾನು ಬೇಕು ಅಂತಲೇ ಹೊರಗೆ ಬೀಳೋಕೆ ಹೊರಟಿದ್ದೆ. ನನಗೆ ಭಯ. ಮೊದಲನೇ ದಿನದಿಂದ ಭಯ. ವಿಮಾನ ಕಂಡ್ರೆ ಭಯ, ಚಿಕ್ಕ ಛತ್ರಿ ಕಂಡ್ರೆ ಭಯ, ಗಾಳಿ ಕಂಡ್ರೆ ಭಯ. ಕೊನೇಲಿ ತಿರುಗಿದ್ರೆ ಫೇಲಾಗಬಹುದಿತ್ತು, ತಿರುಗೋಕೂ ಭಯ ಆಯ್ತು. ನನ್ನಂಥ ಪುಕ್ಕಲನನ್ನ ಇಟ್ಕೊಂಡು ಏನು ಮಾಡ್ತೀರಾ? ಕೈಕುಲುಕಿ ಕಳಿಸಿಬಿಡಿ.”

 ಕಾಂಪೌಂಡರು ಪಟ್ಟಿ ಸುತ್ತುವುದನ್ನು ನಿಲ್ಲಿಸಿದರು. ಟೀಚರಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು, ಅವನನ್ನು ಕಳೆದುಹೋದ ಒಡವೆ ಸಿಕ್ಕ ಹಾಗೆ ನೋಡಿದರು.

“ಇನ್ನೊಂದು ಸಲ ಹೇಳು.”

“ಏನನ್ನ?”

“ಭಯ ಅಂದ್ಯಲ್ಲ, ಅದನ್ನ.”

“ಭಯ ಅಮ್ಮಾ,” ಎಂದ ಗುಮಾಸ್ತ, ಆಸೆಯಿಂದ. “ತುಂಬಾ ಭಯ. ದಿನಾ ಭಯ.”

“ಹೋಗುತ್ತೆ ಅಂತ ಅನ್ನಿಸುತ್ತಾ?”

“ಸಾಯೋವರೆಗೂ ಹೋಗಲ್ಲ ಅಮ್ಮಾ!”

ಟೀಚರಮ್ಮ ಕಿರ್ರೆನ್ನುವ ಮೊಣಕಾಲಿನ ಮೇಲೆ ಕೈಯೂರಿ ಎದ್ದರು. ಹೊಲಿಗೆ ಯಂತ್ರದ ಖಾನೆ ಎಳೆದು, ನೂಲಿನ ಉಂಡೆಗಳ ಅಡಿಯಿಂದ ಒಂದು ಲಕೋಟೆ ತೆಗೆದರು. ಅಂಚೆಲ್ಲ ಕಂದು ತಿರುಗಿತ್ತು. ಅಂಟಿಸಿದ ಅಂಚೆಚೀಟಿಯ ಬಣ್ಣ ಹಾರಿತ್ತು.

“ಇದು ನನ್ನ ರಾಜೀನಾಮೆ. ಈ ಮೊಣಕಾಲು ಮೊದಲನೇ ಸಲ ಸದ್ದು ಮಾಡಿದಾಗಲೇ ಬರೆದದ್ದು. ಈ ಶಾಲೆಯ ಮಂಡಳಿಯವರು, ನಿಮ್ಮ ಜಾಗಕ್ಕೆ ಇಳಿಯೋ ಪಾಠ ಹೇಳೋಕೆ ಒಬ್ಬರ ಹೆಸರು ಕೊಟ್ಟರೆ ಬಿಡ್ತೀವಿ ಅಂದರು. ಧೈರ್ಯವಂತರು ಬಂದ್ರಪ್ಪಾ, ಗುಂಪು ಗುಂಪಾಗಿ ಬಂದ್ರು. ಎಲ್ಲಾ ನೋಡು, ಅಲ್ಲಿ ಮಲಗಿದ್ದಾನಲ್ಲ, ಅಂಥವರೇ. ಹೊಸಬರನ್ನ ಅವರ ಕೈಗೆ ಕೊಟ್ಟು ನಾನು ಮನೇಲಿ ನಿದ್ದೆ ಮಾಡಲಾ? ದಿನಾ ಹೆದರೋ ಒಬ್ಬನಿಗೋಸ್ಕರ ಕಾಯ್ತಾ ಕೂತಿದ್ದೆ.”

ಅವರು ಕಾಗದ ಬಿಡಿಸಿದರು. ನಡುವೆ ಒಂದು ಹೆಸರಿಗಾಗುವಷ್ಟು ಜಾಗ ಖಾಲಿಯಿತ್ತು. ಪೆನ್ನು ತೆಗೆದುಕೊಂಡರು.

“ಅಮ್ಮಾ, ಬೇಡ, ನನಗೆ ಏನೂ ಗೊತ್ತಿಲ್ಲ!”

“ಒಂದು ವರ್ಷ ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಕೂತು ಹೇಳಿಕೊಡ್ತೀನಿ. ಮೊದಲು ನೆಲದ ಪಾಠ. ಅದರ ಜೊತೆಗೆ ವಾರವಾರ ಜಿಗಿತಾನೇ ಇರಬೇಕು, ಕೈ ಕುದುರಬೇಕಲ್ಲ. ಆಮೇಲೆ ಒಂದೊಂದು ಗುಂಪಿನ ಜೊತೆಗೂ ನೀನೇ ಜಿಗಿಯೋದು.”

“ಒಂದೊಂದು ಗುಂಪಿನ ಜೊತೆಗೂ?” ಗುಮಾಸ್ತ ಸ್ಟೂಲಿನಿಂದ ಎದ್ದೇಬಿಟ್ಟ. “ಅಮ್ಮಾ, ನನಗೆ ಲಿಫ್ಟ್ ಕಂಪನಿಯಲ್ಲಿ ಕೆಲಸ ಇದೆ...”

“ವಾರದ ರಜೆ ಇದ್ದೇ ಇದೆಯಲ್ಲ ರೀ,” ಎಂದಳು ಹೆಂಡತಿ. ಅವಳ ಕಣ್ಣಿನ ಬೆಳಕಿಗೆ ಶೆಡ್ಡಿನ ದೀಪ ಮಂಕಾಗಿತ್ತು. “ನಾಳೆಯಿಂದ ಅವರಿಗೆ ಯಾರೂ ಗುಮಾಸ್ತ ಅನ್ನಬಾರದು. ಮೇಷ್ಟ್ರು ಅನ್ನಬೇಕು.”

“ಭಾವ, ನನಗೂ ನೀವೇ ಪಾಠನಾ?” ಎಂದು ಬೆಂಚಿನಿಂದ ಗಿಡುಗ ನರಳಿದ.

ಟೀಚರಮ್ಮ ಹೆಸರು ಬರೆದರು. ಲಕೋಟೆಯ ಅಂಟು ಒಣಗಿಹೋಗಿತ್ತು; ಪ್ಯಾರಾಚೂಟಿಗೆ ತೇಪೆ ಹಚ್ಚುವ ಅಂಟನ್ನೇ ಬಳಿದು, ಹೊಸ ಅಂಚೆಚೀಟಿ ಅಂಟಿಸಿ, ಗುಮಾಸ್ತನ ಕೈಗೇ ಕೊಟ್ಟರು. “ಗೇಟಿನ ಹತ್ತಿರ ಪೆಟ್ಟಿಗೆ ಇದೆ, ಹಾಕಿಬಿಡಪ್ಪಾ. ನನಗೆ ಅಷ್ಟು ದೂರ ನಡೆಯೋಕಾಗಲ್ಲ.”

ಗೇಟಿನವರೆಗೆ ಅವನು ಹಲವು ಉಪಾಯ ಹೂಡಿದ. ಜೇಬಿಗೆ ಹಾಕಿಕೊಂಡು ಮರೆತೆ ಅನ್ನಬಹುದು. ಚರಂಡಿಗೆ ಬಿತ್ತು ಅನ್ನಬಹುದು. ಆದರೆ ಒಂದು ಪಕ್ಕದಲ್ಲಿ ಹೆಂಡತಿ ಬರುತ್ತಿದ್ದಳು, ಇನ್ನೊಂದು ಪಕ್ಕದಲ್ಲಿ ಕಾಂಪೌಂಡರು, ಹಿಂದೆ ಚಾಪೆ ಸುತ್ತಿಕೊಂಡ ಎದುರುಮನೆಯ ಇಡೀ ಸಂಸಾರ. ಪೆಟ್ಟಿಗೆಯ ಮುಂದೆ ಅವನ ಕೈ ಮೇಲೂ ಹೋಗಲಿಲ್ಲ, ಕೆಳಗೂ ಬರಲಿಲ್ಲ.

“ಸಂತೋಷಕ್ಕೆ ಕೈ ನಡುಗ್ತಿದೆ ನೋಡಿ ಪಾಪ,” ಎಂದು ಹೆಂಡತಿ ಲಕೋಟೆಯನ್ನು ಅವನ ಬೆರಳುಗಳಿಂದ ಬಿಡಿಸಿಕೊಂಡು, ಪೆಟ್ಟಿಗೆಯ ಬಾಯಿಗೆ ಹಾಕಿದಳು.

ಕಾಂಪೌಂಡರು ಕಿವಿಗೊಟ್ಟು ಕೇಳಿದರು. ಒಳಗಿಂದ ಒಂದು ಚೂರೂ ಸದ್ದು ಬರಲಿಲ್ಲ.

“ಎಷ್ಟು ಮೆತ್ತಗೆ ಇಳೀತಲ್ರೀ,” ಎಂದರು.